ಅಂಗಳದ ಗಿಡ-ಗಂಟಿ: ನಿಮ್ಮ ನೆಲನೆಲ್ಲಿ ಹೂವಿಗೆ ಎಸಳೆಷ್ಟು?

"ನಮ್ಮ ಮನೆಯವರಿಗೆ ಕಾಮಾಲೆ. ಕಣ್ಣೆಲ್ಲ ಅರಿಸಿನದ ಹಾಗಾಗಿದೆ. ಹಿತ್ತಿಲ ನೆಲನೆಲ್ಲಿ ಅರೆದು ಹಾಲಲ್ಲಿ ಕೊಡು ಅಂತಾರೆ ಅತ್ತೆ. ಅದು ನೆಲನೆಲ್ಲಿಯೇ ಅಲ್ಲ, ಕೆಂಪು ಕಡ್ಡಿಯದೇ ನಿಜವಾದದ್ದು ಅಂತಾರೆ ಪಕ್ಕದ ಮನೆಯವರು. ಎರಡನ್ನೂ ಇದರೊಳಗೆ ಇಟ್ಟಿದ್ದೇನೆ. ನೋಡಿ ಹೇಳಿ."

ಮಲೆನಾಡಿನ ಕಡೆಯ ಸೋದರಿಯೊಬ್ಬರ ಪತ್ರವಿದು. ಗಿಡದ ಮಾತು ಆಮೇಲೆ, ಮೊದಲು ಯಜಮಾನರನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ ಅಂತ ಅವತ್ತೇ ಉತ್ತರ ಹಾಕಿದೆ. ಕಾಮಾಲೆ ಅನ್ನುವುದು ಒಂದೇ ಕಾಯಿಲೆಯಲ್ಲ, ಹಲವು ಕಾಯಿಲೆಗಳ ಗುರುತು. ವೈರಸ್ಸಿನಿಂದಲೂ ಬರುತ್ತೆ, ಕೆಲವು ಮಾತ್ರೆಗಳಿಂದಲೂ ಬರುತ್ತೆ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಬರುತ್ತೆ. ಕಲ್ಲು ಸಿಕ್ಕಿಕೊಂಡಾಗ ಯಾವ ಸೊಪ್ಪು ಅರೆದು ಕುಡಿಸಿದರೇನು?

ಆಮೇಲೆ ಲಕೋಟೆ ಬಿಡಿಸಿ ನೋಡಿದರೆ ಒಳಗಿದ್ದದ್ದು ಎರಡಲ್ಲ, ಮೂರು ಜಾತಿ! ಅತ್ತೆಯವರ ಕಟ್ಟಿನೊಳಗೇ ಎರಡು ಬೆರೆತುಹೋಗಿದ್ದವು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಇವೆಲ್ಲ ನಮ್ಮ ಬೆಟ್ಟದ ನೆಲ್ಲಿಯ ಕುಲದವೇ, ಅಕ್ಕತಂಗಿಯರು. ಒಂದೇ ಮಳೆಗೆ ಹುಟ್ಟಿ, ಒಂದೇ ಪಾಗಾರದ ಬುಡದಲ್ಲಿ ಬೆಳೆಯುತ್ತವೆ. ಎಲೆ ನೋಡಿದರೆ ಯಾರಿಗಾದರೂ ಮೋಸವೇ. ಹೂವು, ಕಾಯಿ ನೋಡಬೇಕು.

ಹೂವೇ, ನೆಲನೆಲ್ಲಿಗೆ ಹೂವೆಲ್ಲಿದೆ ಅಂತೀರಾ? ಇದೆ. ಒಂದು ಗರಿ ಕಿತ್ತು ಬೋರಲು ಹಾಕಿ. ಎಲೆಗಳ ಸಂದಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು-ಬಿಳಿ ಹೂವು ನೆಲ ನೋಡುತ್ತಾ ಸಾಲಾಗಿ ಕೂತಿರುತ್ತವೆ. ಪಂಚಾಂಗ ಓದಲು ಹಿರಿಯರು ಇಟ್ಟುಕೊಂಡ ಭೂತಗನ್ನಡಿ ಮನೆಯಲ್ಲಿದ್ದರೆ ತನ್ನಿ. ಬೆಳಗಿನ ಬಿಸಿಲಲ್ಲಿ ಬಿಳಿ ಕಾಗದದ ಮೇಲಿಟ್ಟು ನೋಡಿ.

ಮೊದಲು ಗಿಡದ ಆಕಾರ. ನಡುಕಾಂಡದ ಮೇಲೆ ಎಲೆಯೇ ಇಲ್ಲದೆ, ಪಕ್ಕದ ಕಡ್ಡಿಗಳಲ್ಲಿ ಮಾತ್ರ ಹಕ್ಕಿಯ ಗರಿಯಂತೆ ಎಲೆ ಜೋಡಿಸಿಕೊಂಡಿದ್ದರೆ ಮುಂದೆ ನೋಡಿ. ನಡುಕಾಂಡದಲ್ಲೂ ಎಲೆಯಿದ್ದು, ಆ ಎಲೆ ಬುಡದಲ್ಲಿ ಸಪೂರ, ತುದಿಯಲ್ಲಿ ಅಗಲವಾಗಿದ್ದರೆ ಅದು ಮದರಾಸ್ಪಟೆನ್ಸಿಸ್ ಎಂಬ ತಂಗಿ. ಹೆಸರಿನಲ್ಲೇ ಮದರಾಸಿದೆ ನೋಡಿ.

ಇನ್ನು ಕೆಂಪು ಕಡ್ಡಿಯದು, ಯೂರಿನೇರಿಯ. ಇದನ್ನು ಗುರುತಿಸಲು ಬಣ್ಣ ಒಂದನ್ನೇ ನಂಬಬೇಡಿ, ಬಿಸಿಲು ಜಾಸ್ತಿಯಾದರೆ ಬೇರೆಯವೂ ಸ್ವಲ್ಪ ಕೆಂಪಾಗುತ್ತವೆ. ಕಾಯಿ ಮುಟ್ಟಿ ನೋಡಿ. ಇದರ ಕಾಯಿಗೆ ತೊಟ್ಟೇ ಇಲ್ಲವೇನೋ ಅನ್ನುವ ಹಾಗೆ ಕಡ್ಡಿಗೆ ಅಂಟಿಕೊಂಡಿರುತ್ತೆ, ಮೈಯೆಲ್ಲ ತರಿತರಿ. ಹಸಿರು ನೆಲನೆಲ್ಲಿಯ ಕಾಯಿ ನುಣ್ಣಗೆ, ಪುಟ್ಟ ತೊಟ್ಟಿನಲ್ಲಿ ಜುಮುಕಿಯ ಹಾಗೆ ತೂಗುತ್ತೆ. ಒಣಗಿದ ಕಾಯಿ ಒಡೆದು ಬೀಜ ನೋಡಿದರಂತೂ ಅನುಮಾನವೇ ಉಳಿಯುವುದಿಲ್ಲ. ಹಸಿರಿನ ಬೀಜದ ಬೆನ್ನಿಗೆ ಉದ್ದುದ್ದ ಗೆರೆ, ಕೆಂಪಿನದಕ್ಕೆ ಅಡ್ಡಡ್ಡ ಗೆರೆ.

ಕಷ್ಟ ಇರುವುದು ಹಸಿರಿನಲ್ಲೇ ಇರುವ ಅವಳಿಗಳಲ್ಲಿ. ಅಮಾರಸ್ ಒಂದು, ಫ್ರಾಟರ್ನಸ್ ಇನ್ನೊಂದು. ಎರಡರ ಕಾಯಿಯೂ ನುಣುಪು, ಎರಡೂ ತೂಗುತ್ತವೆ. ಇಲ್ಲಿ ಹೂವಿನ ಎಸಳು ಎಣಿಸದೆ ಗತಿಯಿಲ್ಲ. ಅಮಾರಸ್‌ಗೆ 5, ಫ್ರಾಟರ್ನಸ್‌ಗೆ 6. ಒಂದೇ ಹೂವು ನೋಡಿ ತೀರ್ಮಾನ ಮಾಡಬೇಡಿ, ನಾಲ್ಕೈದು ಎಣಿಸಿ. ಅಮಾರಸ್‌ನಲ್ಲಿ ಒಂದೇ ಎಲೆಯ ಸಂದಿನಲ್ಲಿ ಗಂಡು ಹೂವೊಂದು ಹೆಣ್ಣು ಹೂವೊಂದು ಜೋಡಿಯಾಗಿ ಕೂತಿರುವುದನ್ನೂ ಕಾಣಬಹುದು. ನನಗಂತೂ ಮೊದಲ ಸಲ ಕಂಡಾಗ ನಗುವೇ ಬಂತು.

ಹಳೆಯ ಪುಸ್ತಕಗಳಲ್ಲಿ ಇವಕ್ಕೆಲ್ಲ ಒಟ್ಟಿಗೆ 'ನಿರೂರಿ' ಅಂತ ಬರೆದಿರುತ್ತೆ. ನಿಜವಾದ ನಿರೂರಿ ಅಮೆರಿಕದ ಗಿಡವೆಂದು ಸಸ್ಯಶಾಸ್ತ್ರಜ್ಞ ವೆಬ್‌ಸ್ಟರ್ 1950ರ ದಶಕದಲ್ಲೇ ಬಿಡಿಸಿ ಹೇಳಿದರೂ ಹಳೆಯ ಹೆಸರು ಇನ್ನೂ ಓಡಾಡುತ್ತಿದೆ.

ಇಷ್ಟೆಲ್ಲ ಯಾಕೆ ಎಣಿಸಬೇಕು ಅಂತ ಕೇಳಬಹುದು. 1988ರಲ್ಲಿ ಮದರಾಸಿನಲ್ಲಿ ಹೆಪಟೈಟಿಸ್ ಬಿ ವೈರಸ್ಸನ್ನು ರಕ್ತದಲ್ಲಿ ಹೊತ್ತವರಿಗೆ ಅಮಾರಸ್ ಪುಡಿಯನ್ನು 30 ದಿನ ಕೊಟ್ಟು ಪರೀಕ್ಷಿಸಿದರು. ಪುಡಿ ತೆಗೆದುಕೊಂಡವರಲ್ಲಿ ನೂರಕ್ಕೆ 59 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣದಾಯಿತು, ಬರಿಯ ಹುಸಿಮದ್ದು ತೆಗೆದುಕೊಂಡವರಲ್ಲಿ ನೂರಕ್ಕೆ 4. ಜಗತ್ತೇ ತಿರುಗಿ ನೋಡಿತು. ಆದರೆ ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಹಾಗಾಗಿ ಸರಿಯಾದ ಗಿಡವೇ ಸಿಕ್ಕಿತು ಅಂದ ಮಾತ್ರಕ್ಕೆ ಕಾಮಾಲೆಗೆ ಮದ್ದು ಸಿಕ್ಕಿತು ಅಂತಲ್ಲ. ಗಿಡವೇ ಬೇರೆಯಾದರೆ ಅಷ್ಟು ಮಾತೂ ಇಲ್ಲ. ಅಂಗಡಿಯ ಒಣ ಕಟ್ಟೂ ಪೂರ್ತಿ ನಂಬಿಕೆಯದಲ್ಲ. ದಕ್ಷಿಣ ಭಾರತದ 25 ಅಂಗಡಿಗಳ ಸರಕು ಪರೀಕ್ಷಿಸಿದ ವರದಿ 2010ರಲ್ಲಿ ಬಂತು. ನೂರಕ್ಕೆ 76ರಲ್ಲಿ ಇದ್ದದ್ದು ಬಹುಪಾಲು ಅಮಾರಸ್ಸೇ. ಉಳಿದವುಗಳಲ್ಲಿ ಬೇರೆ ಐದು ಜಾತಿ ಸಿಕ್ಕಿದವು.

ಪತ್ರ ಬರೆದ ಸೋದರಿಯ ಯಜಮಾನರಿಗೆ ಆಗಿದ್ದದ್ದು ಹೆಪಟೈಟಿಸ್ ಎ ಅಂತೆ. ಅದು ಬಹುಮಟ್ಟಿಗೆ ವಿಶ್ರಾಂತಿಯಲ್ಲೇ ವಾಸಿಯಾಗುವಂಥದು, ಹೆಸರು ಮಾತ್ರ ಅರೆದ ಸೊಪ್ಪಿಗೆ ಹೋಗುತ್ತೆ. ಈಗ ಅವರು ಚೆನ್ನಾಗಿದ್ದಾರೆ. ಅತ್ತೆಯವರು ಮೊಮ್ಮಗಳ ಕೈಗೆ ಭೂತಗನ್ನಡಿ ಕೊಟ್ಟು ಹಿತ್ತಿಲಲ್ಲಿ ಎಸಳು ಎಣಿಸುತ್ತಿದ್ದಾರಂತೆ. ನೆಲನೆಲ್ಲಿಯಲ್ಲಿ ಏನಾದರೂ ಅಡಿಗೆ ಹೇಳಿ ಅಂತಲೂ ಕೇಳಿದ್ದಾರೆ.

ತಂಬುಳಿ ಮಾಡಬಹುದು. ಗುರುತು ಹಿಡಿದ ಗಿಡದ ಎಳೆ ಎಲೆ ಎರಡು ಚಮಚದಷ್ಟು ಸಾಕು. ಚೆನ್ನಾಗಿ ತೊಳೆದು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ. ಒಂದು ಹಿಡಿ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಬಸುರಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ತಿನ್ನುವುದು ಬೇಡ. ಉಳಿದವರಿಗೆ ಕಹಿ ಹೆಚ್ಚೆನಿಸಿದರೆ ಒಂದು ಚೂರು ಬೆಲ್ಲ.