ತೆರೆದರೆ ನಿಲ್ಲುವ ಪ್ರವಾಹ

ನಮ್ಮ ಶಾಲೆಯು ಐವತ್ತು ವಸಂತಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ಪ್ರತಿ ಮನೆಯ ಗೋಡೆಯ ಮೇಲಿದ್ದೂ ಯಾರ ಗಮನಕ್ಕೂ ಬಾರದ ಸಾಧನವೊಂದರ ಬಗ್ಗೆ ನಾಲ್ಕು ಮಾತು ಬರೆಯಬಯಸುತ್ತೇನೆ. ಅದು ವಿದ್ಯುತ್ ಸ್ವಿಚ್ಚು.

ತೇವಾರಂ ಸುತ್ತಿನ ನಮ್ಮ ಕನ್ನಡ ಮನೆತನಗಳಲ್ಲಿ ಬೇಸಾಯಗಾರರು ಬಹಳ. ನೀರಿನ ನಡೆ ಬಲ್ಲವರು. 1895ರಲ್ಲಿ ಪೂರ್ಣಗೊಂಡ ಮುಲ್ಲೈ ಪೆರಿಯಾರ್ ಅಣೆಕಟ್ಟಿನ ನೀರು ಕಂಬಂ ಕಣಿವೆಗೆ ಹಸಿರನ್ನು ತಂದಿತು. ಅದೇ ನೀರು ಲೋಯರ್ ಕ್ಯಾಂಪಿನಲ್ಲಿ ವಿದ್ಯುತ್ತನ್ನೂ ಕೊಡುತ್ತಿದೆ. ತೂಬು ತೆರೆದರೆ ನೀರು ಹರಿಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ವಿಜ್ಞಾನದ ಪಾಠದಲ್ಲಾದರೋ ಮಾತು ತಲೆಕೆಳಗು: ವಿದ್ಯುನ್ಮಂಡಲ ‘ತೆರೆದರೆ’ ಪ್ರವಾಹ ನಿಲ್ಲುತ್ತದೆ, ‘ಮುಚ್ಚಿದರೆ’ ಹರಿಯುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಕೇಳಿ ಬೆಳೆಯುವ ಮಗು ಇಲ್ಲಿ ಎಡವುವುದು ಸಹಜ. ಆದುದರಿಂದ ತೂಬಿನ ಹೋಲಿಕೆಗಿಂತ ಸೇತುವೆಯ ಹೋಲಿಕೆ ಮೇಲು. ಸ್ವಿಚ್ಚು ಎಂಬುದು ತಂತಿಯ ದಾರಿಯಲ್ಲಿನ ಎತ್ತಿಳಿಸುವ ಸೇತುವೆ. ಇಳಿಸಿದರೆ ದಾರಿ ಕೂಡುತ್ತದೆ. ಎತ್ತಿದರೆ ನಡುವೆ ಗಾಳಿಯ ಅಂತರ ಉಂಟಾಗಿ ಪ್ರವಾಹ ನಿಲ್ಲುತ್ತದೆ. ಸಂಪರ್ಕ ನಿಧಾನವಾಗಿ ಬಿಟ್ಟರೆ ಕಿಡಿ ಉಳಿದು ಲೋಹವನ್ನು ಸುಡುತ್ತದೆ. ಆದ್ದರಿಂದಲೇ 1884ರಲ್ಲಿ ಇಂಗ್ಲೆಂಡಿನ ಜಾನ್ ಹೆನ್ರಿ ಹೋಮ್ಸ್ ಥಟ್ಟನೆ ಕಡಿಯುವ ಸ್ವಿಚ್ಚನ್ನು ರೂಪಿಸಿದರು.

ದೀಪ ಆರಿತೆಂದರೆ ಅಪಾಯ ಕಳೆಯಿತೆಂದು ನಾವು ನಂಬುತ್ತೇವೆ. ಈ ನಂಬಿಕೆಯನ್ನೇ ನಾನು ಪ್ರಶ್ನಿಸುತ್ತೇನೆ. ಸ್ವಿಚ್ಚನ್ನು ಫೇಸ್ ತಂತಿಗೆ ಹಾಕಿದರೂ ನ್ಯೂಟ್ರಲ್ ತಂತಿಗೆ ಹಾಕಿದರೂ ದೀಪ ಆರುತ್ತದೆ. ಆದರೆ ನ್ಯೂಟ್ರಲ್‌ಗೆ ಹಾಕಿದ್ದರೆ, ದೀಪ ಆರಿದ ಮೇಲೂ ಹೋಲ್ಡರಿನಲ್ಲಿ 230 ವೋಲ್ಟ್ ಕಾದು ಕುಳಿತಿರುತ್ತದೆ. ಬಲ್ಬು ಬದಲಿಸುವವರ ಬೆರಳು ತಾಕಿದರೆ, ನೆಲಕ್ಕೆ ಹರಿಯಲು ಅವರ ದೇಹವೇ ಸೇತುವೆಯಾಗುತ್ತದೆ. ಪಂಪ್‌ಸೆಟ್ಟಿನ ಮಾತೂ ಹೀಗೆಯೇ. ಸ್ಟಾರ್ಟರಿನ ಕೆಂಪು ಗುಂಡಿ ಮೋಟಾರನ್ನು ನಿಲ್ಲಿಸುತ್ತದೆ. ಸ್ಟಾರ್ಟರಿಗೆ ಬರುವ ತಂತಿಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಕರೆಂಟು ಹೋಗಿದೆಯೆಂದು ಮೋಟಾರಿಗೆ ಕೈಹಾಕಿದಾಗ, ತಾನಾಗಿ ಚಾಲೂ ಆಗುವ ಉಪಕರಣವಿದ್ದರೆ ಮರುಕ್ಷಣವೇ ಅದು ತಿರುಗಬಹುದು. ಮೇನ್ ಸ್ವಿಚ್ಚನ್ನು ಕಡಿಯದೆ ಮುಟ್ಟಬಾರದು.

ಇದೆಲ್ಲ ಎಲೆಕ್ಟ್ರಿಷಿಯನ್ ತಿಳಿಯಬೇಕಾದ ವಿಷಯವಲ್ಲವೇ ಎಂದು ಕೆಲವರು ಕೇಳಬಹುದು. ದುರಸ್ತಿ ಅವರ ಕೆಲಸ, ನಿಜ. ಆದರೆ ಸ್ವಿಚ್ಚು ಒತ್ತುವ ಕೈ ನಮ್ಮದು, ನಮ್ಮ ಮಕ್ಕಳದು.

ಆದಕಾರಣ ಈ ಸುವರ್ಣ ವರ್ಷದಲ್ಲಿ ನನ್ನದೊಂದು ವಿನಮ್ರ ಸಲಹೆ. ಪ್ರತಿ ವಿದ್ಯಾರ್ಥಿಯೂ 1.5 ವೋಲ್ಟಿನ ಸೆಲ್ಲು, ಪುಟ್ಟ ಬಲ್ಬು, ಸ್ವಿಚ್ಚು ಇವನ್ನು ಸ್ವಂತ ಕೈಯಿಂದ ಜೋಡಿಸಲಿ. ಸ್ವಿಚ್ಚನ್ನು ಬಲ್ಬಿನ ಎರಡೂ ಬದಿಗೆ ಇಟ್ಟು ನೋಡಲಿ. ಎರಡು ಕಡೆಯೂ ದೀಪ ಆರುವುದನ್ನು ಕಂಡ ಮೇಲೆ, ಮನೆಯಲ್ಲಿ ಮಾತ್ರ ಫೇಸ್ ತಂತಿಗೇ ಏಕೆ ಎಂದು ಗುರುಗಳು ಕೇಳಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ವೈರಿಂಗನ್ನು ಪರವಾನಗಿ ಪಡೆದವರಿಂದ ಪರೀಕ್ಷಿಸಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ಕಡಿಯುವ ರಕ್ಷಕ ಸ್ವಿಚ್ಚನ್ನು ಹಾಕಿಸಲಿ. ಶಾಲೆ ಕಲಿಸಿದ ವಿದ್ಯೆ ಒಂದು ಜೀವವನ್ನು ಕಾಪಾಡಿದರೂ ಈ ಮಹೋತ್ಸವ ಸಾರ್ಥಕವೆಂದು ಭಾವಿಸುತ್ತೇನೆ.