ನಮ್ಮ ‘ಬೇಕು’ ಮತ್ತು ಇಂಗ್ಲಿಷಿನ ‘ಟು’

ಕೆಲವು ವರ್ಷಗಳ ಹಿಂದಿನ ಮಾತು. ಈ ಲೇಖಕನು ಆಗ ಇನ್ನೂ ಹೋಟೆಲಿನ ಗಲ್ಲೆಯ ಮೇಲೆ ಕುಳಿತಿದ್ದನು. ನಿತ್ಯವೂ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ ಒಬ್ಬ ಕನ್ನಡ ಯುವಕನು ಒಂದು ರಾತ್ರಿ ತಟ್ಟೆಯ ಮುಂದೆ ಕುಳಿತವನು ಅನ್ನವನ್ನು ಮುಟ್ಟಲೇ ಇಲ್ಲ. ವಿಚಾರಿಸಲಾಗಿ ಸಂಗತಿ ತಿಳಿಯಿತು. ಊರಿನಲ್ಲಿ ತಂದೆಗೆ ದೇಹಸ್ಥಿತಿ ತೀರ ಕೆಟ್ಟಿತ್ತು. ಅವನು ತನ್ನ ಕಚೇರಿಯಲ್ಲಿ ರಜೆಗೆ ಅರ್ಜಿ ಕೊಟ್ಟಿದ್ದನು. ಮೇಲಧಿಕಾರಿಯು ‘ತಿಂಗಳ ಕೊನೆಯ ಕೆಲಸ ಮುಗಿದ ಮೇಲೆ ನೋಡೋಣ’ ಎಂದು ಬರೆದು ಅದನ್ನು ಹಿಂದಿರುಗಿಸಿದ್ದನು.

ಅರ್ಜಿಯನ್ನು ನಾನು ನೋಡಿದೆನು. ‘ಐ ವಾಂಟ್ ಟು ಗೋ ಟು ಮೈ ನೇಟಿವ್ ಪ್ಲೇಸ್. ಮೈ ಫಾದರ್ ಈಸ್ ನಾಟ್ ವೆಲ್’ ಎಂದಿತ್ತು. ‘ನಾನು ಹೋಗಲೇಬೇಕು ಎಂದು ಬರೆದೆನಲ್ಲ! ಆದರೂ ಕನಿಕರವಿಲ್ಲ’ ಎಂದು ಅವನು ಕಣ್ಣೀರು ಹಾಕಿದನು. ನನಗೂ ಹಾಗೆಯೇ ತೋರಿತು. ನನ್ನ ವಿದ್ಯೆಯೂ ಎಸ್.ಎಸ್.ಎಲ್.ಸಿ.ಗೆ ನಿಂತುದೇ ಅಲ್ಲವೇ? ಪಕ್ಕದ ಮೇಜಿನಲ್ಲಿದ್ದ ಒಬ್ಬ ನಿವೃತ್ತ ಉಪಾಧ್ಯಾಯರು ಕಾಗದವನ್ನು ಕೈಗೆ ತೆಗೆದುಕೊಂಡು, ‘ತಮ್ಮಾ, ಹೋಗಲೇಬೇಕು ಎಂದು ನೀನು ಬರೆದೇ ಇಲ್ಲ. ಹೋಗಲು ಇಷ್ಟವಿದೆ ಎಂದು ಬರೆದಿದ್ದೀಯೆ’ ಎಂದರು. ‘ವಾಂಟ್’ ಎಂಬುದನ್ನು ಹೊಡೆದುಹಾಕಿ ‘ಹ್ಯಾವ್’ ಎಂದು ತಿದ್ದಿದರು. ರೋಗದ ಸ್ಥಿತಿಯನ್ನು ಒಂದು ವಾಕ್ಯದಲ್ಲಿ ಸೇರಿಸಿದರು. ಮರುದಿನ ಬೆಳಿಗ್ಗೆ ರಜೆ ಮಂಜೂರಾಯಿತು. ಹುಡುಗನು ಊರು ಮುಟ್ಟಿದಾಗ ತಂದೆಗೆ ಜೀವವಿತ್ತು, ಮಾತು ನಿಂತುಹೋಗಿತ್ತು. ಒಂದು ದಿನ ಮೊದಲು ಹೊರಟಿದ್ದರೆ ಎಂಬ ಮಾತನ್ನು ಅವನು ನನ್ನೆದುರಿಗೆ ಎಂದೂ ಆಡಿದವನಲ್ಲ. ಆದರೆ ನನ್ನ ಮನಸ್ಸಿನಿಂದ ಅದು ಹೋಗಿಲ್ಲ.

ವಾಚಕರು ಇದನ್ನು ವ್ಯಾಕರಣದ ಒಣ ಚರ್ಚೆಯೆಂದು ಬದಿಗಿಡಬಾರದೆಂದು ಇಷ್ಟು ಪೀಠಿಕೆ ಹಾಕಿದೆನು. ಆ ಅಧಿಕಾರಿ ಕ್ರೂರಿಯಲ್ಲ, ಹುಡುಗನು ದಡ್ಡನೂ ಅಲ್ಲ. ತೊಡಕು ನಮ್ಮ ‘ಬೇಕು’ ಎಂಬ ಮಾತಿನಲ್ಲಿದೆ. ‘ನಾನು ಊರಿಗೆ ಹೋಗಬೇಕು’ ಎಂದರೆ ಕನ್ನಡದಲ್ಲಿ ಆಸೆಯೂ ಆದೀತು, ಕರ್ತವ್ಯವೂ ಆದೀತು, ನಿರ್ವಾಹವಿಲ್ಲದ ಒತ್ತಾಯವೂ ಆದೀತು. ಹೇಳುವವನ ದನಿಯಿಂದಲೂ ಮುಖದಿಂದಲೂ ಕೇಳುವವನು ಅದನ್ನು ತಿಳಿದುಕೊಳ್ಳುತ್ತಾನೆ. ಕಾಗದಕ್ಕೆ ದನಿಯಿಲ್ಲ. ಇಂಗ್ಲಿಷಿನವರು ಆಸೆಗೆ ‘ವಾಂಟ್ ಟು’, ಕರ್ತವ್ಯಕ್ಕೆ ‘ಷುಡ್’, ಒತ್ತಾಯಕ್ಕೆ ‘ಹ್ಯಾವ್ ಟು’ ಎಂದು ಮೂರು ಬೇರೆ ಬಾಗಿಲುಗಳನ್ನು ಇಟ್ಟುಕೊಂಡಿದ್ದಾರೆ. ಒಂದನ್ನು ತಟ್ಟಿ ಇನ್ನೊಂದು ತೆರೆಯಲೆಂದರೆ ತೆರೆಯದು.

ನಾಗಪುರದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಇಲ್ಲಿಯ ಬೀದಿಯ ಹಿಂದಿಯಲ್ಲಿ ‘ಮುಝೇ ಜಾನಾ ಹೈ’ ಎಂದರೂ, ಮರಾಠಿಯಲ್ಲಿ ‘ಮಲಾ ಜಾಯಚಂ ಆಹೆ’ ಎಂದರೂ, ನಮ್ಮ ‘ಹೋಗಬೇಕು’ ಎಂಬಂತೆಯೇ ಇಷ್ಟಕ್ಕೂ ಸಲ್ಲುತ್ತದೆ, ಒತ್ತಾಯಕ್ಕೂ ಸಲ್ಲುತ್ತದೆ. ಮನೆಯ ಮಾತು ಒಂದು, ಊರಿನ ಮಾತು ಎರಡು, ಮೂರೂ ಸೇರಿ ನಮ್ಮನ್ನು ಒಂದೇ ತಪ್ಪಿನ ಕಡೆಗೆ ಎಳೆಯುತ್ತವೆ. ಹಾಗೆಂದು ನಮ್ಮ ಭಾಷೆ ಬಡವೆಯೆಂದು ಯಾರೂ ಭಾವಿಸತಕ್ಕದ್ದಲ್ಲ. ‘ಹೋಗಬೇಕೆಂದಿದ್ದೇನೆ’ ಎಂಬುದೂ ಕನ್ನಡವೇ, ‘ಹೋಗಬೇಕಾಗಿದೆ’ ಎಂಬುದೂ ಕನ್ನಡವೇ. ಮೊದಲನೆಯದು ಇಷ್ಟ, ಎರಡನೆಯದು ಒತ್ತಾಯ. ಕಾಗದ ಬರೆಯುವ ಮೊದಲು ಕನ್ನಡದ ವಾಕ್ಯವನ್ನೇ ಪೂರ್ಣವಾಗಿ ಹೇಳಿಕೊಂಡರೆ ಅರ್ಧ ತಪ್ಪು ಅಲ್ಲಿಯೇ ನಿಲ್ಲುತ್ತದೆ.

ಇಲ್ಲ ಎನ್ನುವಲ್ಲಿಯೂ ಎಚ್ಚರ ಬೇಕು. ‘ಯು ಮಸ್ಟ್ ನಾಟ್ ಕಮ್’ ಎಂದರೆ ‘ಬರಕೂಡದು’. ‘ಯು ಡೋಂಟ್ ಹ್ಯಾವ್ ಟು ಕಮ್’ ಎಂದರೆ ‘ಬರಬೇಕಾಗಿಲ್ಲ, ಬಂದರೆ ಅಡ್ಡಿಯಿಲ್ಲ’. ಇವೆರಡರ ನಡುವಿನ ಅಂತರವು ಒಬ್ಬ ಕೆಲಸಗಾರನಿಗೆ ಒಂದು ದಿನದ ಸಂಬಳದ ಅಂತರವಾಗಬಹುದು.

ಈಗ ಆ ‘ಟು’ ಎಂಬ ಚಿಕ್ಕ ಮಾತಿಗೆ ಬರೋಣ. ಪುರಾತನ ಇಂಗ್ಲಿಷಿನಲ್ಲಿ ಕ್ರಿಯೆಯ ಈ ರೂಪಕ್ಕೆ ನಮ್ಮ ‘ಮಾಡಲು’ ಎಂಬುದರಂತೆ ಬಾಲದಲ್ಲಿಯೇ ಪ್ರತ್ಯಯವಿತ್ತು. ‘ಕಡೆಗೆ’ ಎಂಬ ಅರ್ಥದ ‘ಟು’ ಅದರ ಮುಂದೆ ಬಂದು ಸೇರಿತು. ಕಾಲಕ್ರಮದಲ್ಲಿ ಪ್ರತ್ಯಯ ಸವೆದು ‘ಟು’ ಒಂದೇ ಉಳಿಯಿತು. ನಾವು ‘ಮಾಡಲಿಕ್ಕೆ’ ಎನ್ನುವಾಗ ಕೊನೆಯಲ್ಲಿರುವ ‘ಕ್ಕೆ’ ಮಾಡುವ ಕೆಲಸವೂ ಇದೇ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಒಂದು ದೊಡ್ಡ ಗೊಂದಲ ಸುಲಭವಾಗಿ ಬಿಡುತ್ತದೆ. ‘ಐ ಸ್ಟಾಪ್ಡ್ ಟು ಡ್ರಿಂಕ್ ಟೀ’ ಎಂದರೆ ‘ಚಹಾ ಕುಡಿಯಲಿಕ್ಕೆ ನಿಂತೆನು’. ‘ಐ ಸ್ಟಾಪ್ಡ್ ಡ್ರಿಂಕಿಂಗ್ ಟೀ’ ಎಂದರೆ ‘ಚಹಾ ಕುಡಿಯುವುದನ್ನು ಬಿಟ್ಟೆನು’. ಹೋಟೆಲಿನವನಿಗೆ ಮೊದಲನೆಯದು ಲಾಭದ ಸುದ್ದಿ, ಎರಡನೆಯದು ನಷ್ಟದ್ದು! ಹಾಗೆಯೇ ‘ಐ ರಿಮೆಂಬರ್ಡ್ ಟು ಲಾಕ್ ದ ಡೋರ್’ ಎಂದರೆ ಬೀಗ ಹಾಕಲಿಕ್ಕೆ ನೆನಪಾಯಿತು, ಹಾಕಿದೆನು ಎಂದರ್ಥ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಎಂದರೆ ಬೀಗ ಹಾಕಿದ್ದು ಈಗ ನೆನಪಿದೆ ಎಂದರ್ಥ. ಮುಂದಿನ ಕೆಲಸಕ್ಕೆ ‘ಟು’, ಆಗಿಹೋದ ಕೆಲಸಕ್ಕೆ ‘ಇಂಗ್’. ‘ಫರ್ಗೆಟ್’ ಎಂಬುದಕ್ಕೂ ಇದೇ ನಡೆ.

ಆದರೆ ಈ ಸೂತ್ರವೊಂದನ್ನೇ ನಂಬಿ ಎಲ್ಲ ಕಡೆಗೂ ಹೊರಡುವಂತಿಲ್ಲ. ‘ಅವನನ್ನು ಹೋಗಲಿಕ್ಕೆ ಬಿಡು’ ಎಂಬುದಕ್ಕೆ ‘ಅಲೌ ಹಿಮ್ ಟು ಗೋ’ ಎಂದರೆ ಸರಿ. ‘ಲೆಟ್’ ಎಂದು ಹಿಡಿದರೆ ‘ಲೆಟ್ ಹಿಮ್ ಗೋ’ ಎಂದಷ್ಟೇ, ‘ಟು’ ಕೂಡದು. ‘ಆಸ್ಕ್ ಹಿಮ್ ಟು ವೇಟ್’ ಸರಿ, ‘ಮೇಕ್ ಹಿಮ್ ಟು ವೇಟ್’ ತಪ್ಪು. ‘ಐ ರಿಕ್ವೆಸ್ಟ್ ಯು ಟು ಗ್ರಾಂಟ್’ ಸರಿ, ‘ಐ ಸಜೆಸ್ಟ್ ಯು ಟು ಗ್ರಾಂಟ್’ ತಪ್ಪು. ನಮ್ಮ ಗುಮಾಸ್ತರು ಪತ್ರದ ಕೊನೆಯಲ್ಲಿ ಬರೆಯುವ ‘ಲುಕಿಂಗ್ ಫಾರ್ವರ್ಡ್ ಟು’ ಎಂಬುದರ ಮುಂದೆ ‘ಹಿಯರ್’ ಬಾರದು, ‘ಹಿಯರಿಂಗ್’ ಬರತಕ್ಕದ್ದು. ಏಕೆಂದರೆ ಅಲ್ಲಿಯ ‘ಟು’ ಬೇರೆ ಜಾತಿಯದು, ಹೆಸರಿನೊಡನೆ ಸೇರುವಂಥದು. ಇವುಗಳಿಗೆಲ್ಲ ಕಾರಣ ಕೇಳುತ್ತ ಕುಳಿತರೆ ಆಯುಷ್ಯ ಸಾಲದು. ಯಾವ ಕ್ರಿಯಾಪದಕ್ಕೆ ಯಾರ ಸಂಗವೆಂಬುದನ್ನು ಒಂದೊಂದಾಗಿ ಪರಿಚಯ ಮಾಡಿಕೊಳ್ಳುವುದೇ ದಾರಿ.

ಇದು ಕನ್ನಡಿಗರಿಗೆ ಮಾತ್ರ ಬಂದ ಕಷ್ಟವೂ ಅಲ್ಲ. ಎ. ಎಸ್. ಹಾರ್ನ್‌ಬಿ ಎಂಬ ಆಂಗ್ಲ ಉಪಾಧ್ಯಾಯರು ಜಪಾನಿನಲ್ಲಿ ಪಾಠ ಹೇಳುತ್ತಿದ್ದಾಗ ಪರಭಾಷೆಯವರ ಈ ಕಷ್ಟಗಳನ್ನು ಕಣ್ಣಾರೆ ಕಂಡವರು. ಅವರು ತಮ್ಮ ಸಂಗಡಿಗರೊಡನೆ ರಚಿಸಿದ ನಿಘಂಟು ೧೯೪೨ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ೧೯೪೮ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯವು ಅದನ್ನು ಪ್ರಕಟಿಸಿತು. ಕ್ರಿಯಾಪದಗಳ ನಡೆಯನ್ನು ೨೫ ಮಾದರಿಗಳಾಗಿ ವಿಂಗಡಿಸಿ, ಯಾವ ಪದ ಯಾವ ಮಾದರಿಗೆ ಸೇರಿದ್ದೆಂದು ಅದರಲ್ಲಿ ಗುರುತಿಸಿದ್ದರು. ಆ ನಿಘಂಟಿನ ಪರಂಪರೆ ಇಂದಿಗೂ ನಡೆದುಬಂದಿದೆ. ಅರ್ಥವೊಂದನ್ನೇ ನೋಡಿ ಪುಸ್ತಕ ಮುಚ್ಚುವ ನಮ್ಮ ಹುಡುಗರು ಅದರ ಕೆಳಗಿರುವ ಉದಾಹರಣೆಯ ವಾಕ್ಯವನ್ನು ಓದುವುದಿಲ್ಲ. ನಿಜವಾದ ಪಾಠವಿರುವುದು ಅಲ್ಲಿಯೇ.

‘ಈ ಊರಿನಲ್ಲಿ ಬಾಳಲು ಮರಾಠಿ, ಹಿಂದಿ ಸಾಲದೇ?’ ಎಂದು ಕೆಲವು ಮಿತ್ರರು ಕೇಳುವುದುಂಟು. ಅವೆರಡನ್ನೂ ಕಲಿಯಲೇಬೇಕು, ಅನ್ನ ಕೊಟ್ಟ ಊರಿನ ಮಾತನ್ನು ಅರಿಯದವನು ಕೃತಜ್ಞನಲ್ಲ. ಆದರೆ ೧೯೫೬ರವರೆಗೆ ರಾಜಧಾನಿಯಾಗಿದ್ದ ಈ ನಗರದಲ್ಲಿ ಕಚೇರಿಗಳಿಗೆ ಕೊರತೆಯಿಲ್ಲ, ಇಂಗ್ಲಿಷ್ ಕಾಗದಗಳಿಗೂ ಕೊರತೆಯಿಲ್ಲ. ಉಚ್ಚ ನ್ಯಾಯಾಲಯದ ಪೀಠ ಇಲ್ಲಿದೆ. ಸಂವಿಧಾನದ ೩೪೮ನೆಯ ವಿಧಿಯಂತೆ ಅದರ ವ್ಯವಹಾರ ಇಂಗ್ಲಿಷಿನಲ್ಲಿ. ನೇಮಕದ ಪತ್ರ, ಬ್ಯಾಂಕಿನ ಸಾಲದ ಕರಾರು, ರಜೆಯ ಅರ್ಜಿ, ಇವು ಕಾಗದದಲ್ಲಿ ಬರಲಿ, ಮಿಂಚಂಚೆಯಲ್ಲಿ ಬರಲಿ, ಹಲವು ವೇಳೆ ಅದೇ ಭಾಷೆಯಲ್ಲಿ ಬರುತ್ತವೆ. ಓದದೆ ಸಹಿ ಮಾಡುವವನೂ ತಪ್ಪಾಗಿ ಬರೆಯುವವನೂ ನಮ್ಮವರೇ ಆಗಬೇಕೇ?

ಆದುದರಿಂದ ಹೋಟೆಲ್ ಮಾಲೀಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾಕ್ಕೆ ಮೊದಲು ಒಲೆ ತಣ್ಣಗಿರುವ ಹೊತ್ತಿನಲ್ಲಿ ಹುಡುಗರಿಗೆ ಅರ್ಧ ತಾಸು ಬಿಡಿರಿ. ಬರಬಲ್ಲ ಒಬ್ಬ ಗುಮಾಸ್ತರನ್ನು ಕರೆಯಿರಿ. ಒಂದು ಲೋಟ ಕಾಫಿಯ ಖರ್ಚು. ದಿನಕ್ಕೆ ಒಂದೇ ಕ್ರಿಯಾಪದ ಸಾಕು. ಆದರೆ ಅದರ ಸಂಗಾತಿಯೊಡನೆ, ಎರಡು ವಾಕ್ಯಗಳಲ್ಲಿ, ಗಟ್ಟಿಯಾಗಿ ಹೇಳಿಸಿರಿ. ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ಬೇಡ. ಗುಮಾಸ್ತ ಮಿತ್ರರೂ ತಮ್ಮ ಅರ್ಜಿಯನ್ನು ಕಳುಹಿಸುವ ಮೊದಲು ಬಲ್ಲವರಿಗೆ ತೋರಿಸಲು ನಾಚಬಾರದು. ಆ ರಾತ್ರಿ ನಮ್ಮ ಹುಡುಗನು ಆ ಕಾಗದವನ್ನು ತೋರಿಸಿದ್ದರಿಂದಲೇ ತಂದೆಯ ಮುಖವನ್ನಾದರೂ ಕಂಡನು. ಒಂದು ದಿನ ಮೊದಲೇ ತೋರಿಸಬಹುದಾಗಿತ್ತು. ಹಾಗೆ ತೋರಿಸಲು ಒಂದು ಜಾಗವನ್ನು ನಾವು ಮಾಡಿಕೊಟ್ಟಿರಲಿಲ್ಲ. ಆ ತಪ್ಪು ನಮ್ಮದು.