ನಿಮ್ಮ ಕಾದಂಬರಿ ತಿದ್ದೋರು ಯಾರು?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಹುಡುಕಿದರೆ ಟ್ರಂಕಿನ ತಳದಲ್ಲೋ, ಹಳೇ ಸೀರೆಗಳ ನಡುವೆಯೋ ಒಂದು ದಪ್ಪ ನೋಟ್‌ಬುಕ್ ಸಿಕ್ಕರೂ ಸಿಕ್ಕೀತು. ಅದರಲ್ಲೊಂದು ಕಾದಂಬರಿ. ಬರೆದವಳು ಆ ಮನೆಯ ಸೊಸೆ. ಅಡಿಕೆ ಸುಲಿಯೋ ಕೆಲಸ ಮುಗಿದು, ಮಕ್ಕಳು ಮಲಗಿದ ಮೇಲೆ ಉಳಿಸಿಕೊಂಡ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಬರೆದದ್ದು. ಈ ಮಳೆಗಾಲದ ತಂಡಿಗೆ ಬೂಸ್ಟು ಹಿಡಿಯೋ ಮೊದಲು ಇದನ್ನೊಂದು ಪುಸ್ತಕ ಮಾಡಬೇಕಲ್ಲ ಅನ್ನೋ ಆಸೆ ಅವಳಿಗೆ. ಜೊತೆಗೇ ಒಂದು ಅಳುಕು: ಇದು ಸರಿಯಾಗಿದೆಯೋ ಇಲ್ಲವೋ? ಯಾರಿಗಾದರೂ ದುಡ್ಡು ಕೊಟ್ಟು ತಿದ್ದಿಸಬೇಕಾ?

ಈಗ ಹಾಗೆ ತಿದ್ದಿಕೊಡುವವರಿದ್ದಾರೆ. ಯಾವ ಪ್ರಕಾಶನದ ನೌಕರಿಯಲ್ಲೂ ಇಲ್ಲದೆ, ಮನೆಯಲ್ಲೇ ಕೂತು, ಪುಟಕ್ಕಿಷ್ಟು ಎಂದು ಹಣ ಪಡೆದು ಹಸ್ತಪ್ರತಿ ನೋಡುವವರು. ನನ್ನ ಅಭಿಪ್ರಾಯ ಕೇಳಿದರೆ, ತಿದ್ದಿಸಿ. ಆದರೆ ಏನನ್ನು ತಿದ್ದಿಸುತ್ತೀರಿ, ಏನನ್ನು ಮುಟ್ಟಲು ಬಿಡುವುದಿಲ್ಲ ಅನ್ನೋದನ್ನು ಮೊದಲು ನೀವೇ ತೀರ್ಮಾನಿಸಿಕೊಳ್ಳಿ.

ತಿದ್ದಿಸಿದರೆ ಮರ್ಯಾದೆ ಹೋಗೋದಿಲ್ಲ

‘ನಿಜವಾದ ಸಾಹಿತಿಗೆ ಯಾರ ಸಹಾಯವೂ ಬೇಡ’ ಎಂಬ ಮಾತೊಂದಿದೆ. ಅದು ಸುಳ್ಳು. ನಮ್ಮ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಹೊರಬಂದದ್ದು ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಅಲ್ಲಿನ ಅಟ್ಟದ ಮೇಲೆ ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿ ಅವರಂಥ ಓದುಗರಿದ್ದರು. ಬರೆದದ್ದನ್ನು ಓದಿ, ಚರ್ಚಿಸಿ, ಇದು ನಿಲ್ಲುತ್ತೆ, ಇದು ನಿಲ್ಲೋಲ್ಲ ಅಂತ ಹೇಳಬಲ್ಲವರು. ‘ಫ್ರೀಲಾನ್ಸ್ ಎಡಿಟರ್’ ಎಂಬ ಹೆಸರು ಇರಲಿಲ್ಲ, ಕೆಲಸ ಇತ್ತು.

ಹೊರಗಿನ ಉದಾಹರಣೆ ಬೇಕಾದರೆ ಅಮೆರಿಕದ ಹಾರ್ಪರ್ ಲೀ ಅವರದನ್ನು ನೋಡಿ. 1957ರಲ್ಲಿ ಅವರು ಕೊಟ್ಟ ಹಸ್ತಪ್ರತಿಯನ್ನು ಟೇ ಹೊಹಾಫ್ ಎಂಬ ಸಂಪಾದಕಿ ಒಪ್ಪಿಕೊಂಡರು, ಆದರೆ ಇದಿನ್ನೂ ಕಾದಂಬರಿಯಾಗಿಲ್ಲ ಎಂದರು. ಎರಡು ವರ್ಷಕ್ಕೂ ಮಿಕ್ಕಿ ಮತ್ತೆ ಮತ್ತೆ ಬರೆದ ಮೇಲೆ 1960ರಲ್ಲಿ ಬಂದದ್ದೇ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಗಮನಿಸಿ, ಮತ್ತೆ ಬರೆದವರು ಲೇಖಕಿಯೇ. ಸಂಪಾದಕಿ ಕೇಳಿದ್ದು ಪ್ರಶ್ನೆ.

ವಯಸ್ಸಾಯ್ತು, ಓದಿಲ್ಲ ಎಂಬ ಅಂಜಿಕೆಯೂ ಬೇಡ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಶಾಲೆಗೆ ಹೋದದ್ದು ಏಳೇ ವರ್ಷ. ಅವರ ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ‘ಫಣಿಯಮ್ಮ’ 1976ರಲ್ಲಿ.

ಮನೆಯೊಳಗಿನ ಕತ್ತರಿ

ಹೆಣ್ಣುಮಕ್ಕಳ ಬರವಣಿಗೆಗೆ ಕತ್ತರಿ ಬೀಳೋದು ಎಡಿಟರ್ ಕೈಗೆ ಹೋಗುವ ಮೊದಲೇ. ‘ಆ ದೊಡ್ಡಪ್ಪನ ಪಾಲಿನ ಜಗಳ ಯಾಕೆ ಬರೆದೆ?’ ‘ಅತ್ತಿಗೆ ಓದಿದ್ರೆ ಏನಂದ್ಕೋತಾಳೆ?’ ‘ಊರವರಿಗೆಲ್ಲ ಇದು ನಮ್ಮನೆ ಕತೆ ಅಂತ ಗೊತ್ತಾಗಲ್ವಾ?’ ನಮ್ಮದು ಸಣ್ಣ ಸೀಮೆ. ಒಂದು ಮದುವೆಮನೆಯಲ್ಲಿ ಮೂರೂ ತಾಲ್ಲೂಕಿನವರು ಸಿಗುತ್ತಾರೆ. ಪಾತ್ರದ ಹೆಸರು ಬದಲಿಸಿದರೂ ಜಗಲಿಯ ಕಂಬ ನೋಡಿ ಮನೆ ಗುರುತಿಸುವ ಜನ. ಆ ಹೆದರಿಕೆಗೆ ಬರೆದವಳೇ ಕತೆಯ ಜೀವ ಇರುವ ಪುಟಗಳನ್ನು ಹರಿದುಹಾಕುತ್ತಾಳೆ.

ದುಡ್ಡು ಕೊಟ್ಟಾದರೂ ಹೊರಗಿನವರಿಂದ ಓದಿಸಿ ಅಂತ ನಾನು ಹೇಳೋದು ಇದಕ್ಕೇ. ಅವರಿಗೆ ನಿಮ್ಮ ಅತ್ತೆಯೂ ಗೊತ್ತಿಲ್ಲ, ದೊಡ್ಡಪ್ಪನೂ ಗೊತ್ತಿಲ್ಲ. ಅವರ ಮುಂದಿರೋದು ಪಾತ್ರ ಮಾತ್ರ. ‘ಈ ವಿಧವೆ ನೂರು ಪುಟ ಸುಮ್ಮನಿದ್ದು ಇಲ್ಲಿ ಯಾಕೆ ಬಾಯಿ ಬಿಟ್ಟಳು?’ ಎಂದು ಅವರು ಕೇಳುತ್ತಾರೆ. ಹರಿದುಹಾಕಿದ ಪುಟದಲ್ಲೇ ಅದರ ಉತ್ತರ ಇತ್ತು ಅಂತ ಆಗ ನಿಮಗೇ ಹೊಳೆಯುತ್ತದೆ. ಹಾಗಂತ ಇನ್ನೊಬ್ಬರ ಮಾನ ಕಳೆಯೋದಕ್ಕೆ ಬರೆಯಿರಿ ಅಂತಲ್ಲ. ಊರು, ವೃತ್ತಿ, ಸಂಬಂಧ ಬದಲಿಸಿ ಗುರುತು ಮರೆಸಬಹುದು. ನೋವನ್ನೇ ತೆಗೆದುಬಿಟ್ಟರೆ ಕತೆ ಉಳಿಯೋದಿಲ್ಲ.

ಎಂಥ ತಿದ್ದುಪಡಿ ಬೇಕು?

‘ಎಡಿಟಿಂಗ್’ ಅಂದಾಗ ಎಲ್ಲರೂ ಒಂದೇ ಕೆಲಸ ಅಂದುಕೊಳ್ಳುತ್ತಾರೆ. ಇದರಲ್ಲಿ ಮೂರು ಬಗೆಯಿದೆ. ಒಂದು, ಇಡೀ ಕತೆಯ ಕಟ್ಟಡ ನೋಡೋದು: ಎಲ್ಲಿ ಎಳೆದಿದೆ, ಯಾವ ಪಾತ್ರ ನಡುವೆ ಕಾಣೆಯಾಗಿದೆ, ಕೊನೆ ಅವಸರವಾಯಿತೇ. ಎರಡು, ವಾಕ್ಯ ವಾಕ್ಯವನ್ನೂ ನೋಡೋದು. ಮೂರು, ಕರಡು ತಿದ್ದೋದು, ಅಂದರೆ ಕಾಗುಣಿತ, ಒತ್ತಕ್ಷರ, ಚಿಹ್ನೆಗಳ ತಪ್ಪು ಹುಡುಕೋದು. ನುಡಿ, ಬರಹದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವೊತ್ತು, ಒತ್ತಕ್ಷರ ಎಡವಟ್ಟಾಗೋದುಂಟು. ಹಾಗಾಗಿ ಈ ಮೂರನೆಯದು ಎಲ್ಲ ಮುಗಿದ ಮೇಲೆ, ಅಚ್ಚಿಗೆ ಹೋಗುವ ಮುನ್ನ.

ಮೊದಲನೆಯದೇ ಆಗದೆ ಮೂರನೆಯದಕ್ಕೆ ದುಡ್ಡು ಸುರಿಯಬೇಡಿ. ನಾಳೆ ಇಡೀ ಅಧ್ಯಾಯವೇ ಹೋಗುವುದಾದರೆ ಅದರ ಕಾಗುಣಿತ ತಿದ್ದಿಸಿ ಏನು ಫಲ? ಕಾದಂಬರಿ ಮುಗಿದ ಮೇಲೆ ಒಂದೆರಡು ತಿಂಗಳು ಎತ್ತಿಡಿ. ಆಮೇಲೆ ನೀವೇ ಒಮ್ಮೆ ಜೋರಾಗಿ ಓದಿ. ಇಬ್ಬರು ಓದುವ ಹವ್ಯಾಸದ ಗೆಳತಿಯರಿಗೆ ಕೊಟ್ಟು, ‘ಎಲ್ಲಿ ಬೇಜಾರು ಬಂತು?’ ಅಂತಷ್ಟೇ ಕೇಳಿ. ಎಡಿಟರ್ ಬಳಿ ಹೋಗಬೇಕಾದ್ದು ಅದರ ನಂತರ.

ಅಡಿಕೆಯನ್ನು ಮಂಡಿಗೆ ಹಾಕುವ ಮೊದಲು ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ಆರಿಸ್ತೇವಲ್ಲ? ಆರಿಸೋರು ನಿಮ್ಮ ತೋಟದ್ದನ್ನೇ ಆರಿಸಿಕೊಡಬೇಕು, ಬೇರೆ ತೋಟದ್ದು ತಂದು ಬೆರೆಸಬಾರದು. ಒಳ್ಳೆಯ ಎಡಿಟರ್ ಕೆಲಸವೂ ಅಷ್ಟೇ.

ಆಡುಮಾತು ಬಿಟ್ಟುಕೊಡಬೇಡಿ

ನಮ್ಮ ಕಡೆಯ ಬರಹಕ್ಕೆ ಹೆಚ್ಚು ಅಪಾಯ ಇರೋದು ಇಲ್ಲಿ. ಹವ್ಯಕರ ಮನೆಯ ಮಾತು, ದೀವರ ಕೇರಿಯ ಮಾತು, ತೀರ್ಥಹಳ್ಳಿ ಗೌಡರ ಮನೆಯ ಮಾತು ಒಂದೊಂದೂ ಬೇರೆ. ಹೊರಗಿನ ಎಡಿಟರ್ ‘ಓದುಗರಿಗೆ ಅರ್ಥ ಆಗಲ್ಲ’ ಅಂತ ಎಲ್ಲವನ್ನೂ ಪಠ್ಯಪುಸ್ತಕದ ಕನ್ನಡಕ್ಕೆ ಇಳಿಸಿಬಿಟ್ಟರೆ ಅಜ್ಜಿಯೂ ಕೊನೆಗಾರನೂ ಶಾಲೆ ಮೇಷ್ಟ್ರೂ ಒಂದೇ ಥರ ಮಾತಾಡುತ್ತಾರೆ. ಕುವೆಂಪು 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾತ್ರಗಳ ಬಾಯಲ್ಲಿ ಮಲೆನಾಡಿನ ಮಾತನ್ನೇ ಇಟ್ಟರು. ಓದುಗರು ಕಲಿತುಕೊಂಡರು.

ಬ್ಯಾಣ, ಸೊಪ್ಪಿನಬೆಟ್ಟ, ಮುಳುಗಡೆ ಇಂಥ ಪದಗಳಿಗೆ ಬೇರೆ ಪದವೇ ಇಲ್ಲ. ‘ಮುಳುಗಡೆ’ ಅಂದರೆ ಬರೀ ನೀರಲ್ಲಿ ಮುಳುಗೋದಲ್ಲ. ಲಿಂಗನಮಕ್ಕಿ ನೀರು ಬಂದಾಗ ದೇವರನ್ನು ಬುಟ್ಟಿಯಲ್ಲಿ ಹೊತ್ತು ಊರು ಬಿಟ್ಟದ್ದೂ ಆ ಒಂದು ಪದದಲ್ಲಿದೆ. ಅದನ್ನೇ ಬರೆದುಕೊಂಡು ಬಂದವರು ಸಾಗರದ ನಾ. ಡಿಸೋಜ. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದಾಗ ದೂರದವರಿಗೂ ಅದು ತಲುಪಿತು.

ಎಡಿಟರ್ ಕೈ ಮಿತಿ ಮೀರಿದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆಯಿದೆ. ಅಮೆರಿಕದ ರೇಮಂಡ್ ಕಾರ್ವರ್ ಅವರ 1981ರ ಸಂಕಲನದ ಕೆಲವು ಕತೆಗಳನ್ನು ಸಂಪಾದಕ ಗಾರ್ಡನ್ ಲಿಶ್ ಅರ್ಧಕ್ಕಿಂತ ಹೆಚ್ಚು ಕತ್ತರಿಸಿದ್ದರು. ಪುಸ್ತಕಕ್ಕೆ ದೊಡ್ಡ ಹೆಸರು ಬಂತು, ಲೇಖಕರಿಗೆ ಸಂಕಟವೂ ಉಳಿಯಿತು. ಮೂಲ ರೂಪದ ಕತೆಗಳು ಅಚ್ಚಾದದ್ದು 2009ರಲ್ಲಿ, ಅವರು ತೀರಿಹೋಗಿ ಎರಡು ದಶಕ ಕಳೆದ ಮೇಲೆ. ‘ಬೇಡ’ ಅನ್ನೋದನ್ನು ಬದುಕಿದ್ದಾಗಲೇ, ಅಚ್ಚಿಗೆ ಹೋಗುವ ಮೊದಲೇ ಹೇಳಬೇಕು. ತಿಳಿದವರು ಹೇಳಿದ್ದಕ್ಕೆ ತಲೆಯಾಡಿಸಿ ಅಭ್ಯಾಸವಾದ ನಮಗೆ ಅದೇ ಕಷ್ಟ.

ದುಡ್ಡಿನ ಮಾತು

‘ಕತೆ ಬರೆಯೋಕೂ ದುಡ್ಡು ಖರ್ಚಾ?’ ಅಂತ ಮನೆಯಲ್ಲಿ ಕೇಳುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾರಿದ್ದೋ, ಹಾಲಿನ ಹಣವೋ, ಸಂಘದಲ್ಲಿ ಕೂಡಿಟ್ಟದ್ದೋ, ಅದು ನಿಮ್ಮದೇ ದುಡಿಮೆ. ಅದಕ್ಕೇ ಲೆಕ್ಕವೂ ಬಿಗಿಯಾಗಿರಬೇಕು. ಮೊದಲು ಹತ್ತು ಪುಟ ಕೊಟ್ಟು ತಿದ್ದಿಸಿ ನೋಡಿ. ತಿದ್ದಿದ್ದನ್ನು ಓದಿದಾಗ ‘ಹೌದು, ನಾನು ಹೇಳಬೇಕೆಂದದ್ದು ಇದೇ’ ಅನ್ನಿಸಬೇಕು. ‘ಎಷ್ಟು ಚೆನ್ನಾಗಿದೆ, ಆದರೆ ನನ್ನದಲ್ಲ’ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ತಿದ್ದೋದರಿಂದ ಹಿಡಿದು ಮುದ್ರಣ, ಬಿಡುಗಡೆ, ಪ್ರಶಸ್ತಿವರೆಗೆ ಎಲ್ಲ ಒಟ್ಟಿಗೇ ಮಾಡಿಸಿಕೊಡ್ತೇವೆ ಅನ್ನುವವರ ಹತ್ತಿರ ಇನ್ನೂ ಹುಷಾರಾಗಿರಿ. ಪುಸ್ತಕ ಸ್ವೀಕಾರವಾಗುತ್ತೆ ಅಂತ ಯಾವ ಪ್ರಾಮಾಣಿಕ ಎಡಿಟರೂ ಭರವಸೆ ಕೊಡೋದಿಲ್ಲ.

ಹಕ್ಕಿನ ವಿಷಯವೂ ತಿಳಿದಿರಲಿ. 1957ರ ಹಕ್ಕುಸ್ವಾಮ್ಯ ಕಾಯಿದೆ ಪ್ರಕಾರ ನೀವು ಬರೆದ ಕಾದಂಬರಿ ನಿಮ್ಮದು. ನಿಮ್ಮ ಆಯುಷ್ಯದುದ್ದಕ್ಕೂ, ನಂತರ ವಾರಸುದಾರರಿಗೆ ಅರವತ್ತು ವರ್ಷ ಆ ಹಕ್ಕು ಇರುತ್ತದೆ. ತಿದ್ದಿದ ಮಾತ್ರಕ್ಕೆ ಅದು ತಿದ್ದಿದವರಿಗೆ ಹೋಗೋದಿಲ್ಲ. ಹಕ್ಕು ಬಿಟ್ಟುಕೊಡಬೇಕಾದರೆ ಬರಹದಲ್ಲಿ, ನಿಮ್ಮ ಸಹಿಯೊಂದಿಗೆ ಆಗಬೇಕು. ಆದ್ದರಿಂದ ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಇವಿಷ್ಟು ನೆನಪಿರಲಿ

* ಇರುವ ಒಂದೇ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಮಾಡಿಸಿ, ಇಲ್ಲವೇ ಮೊಬೈಲಿನಲ್ಲಿ ಪುಟ ಪುಟವನ್ನೂ ಫೋಟೊ ತೆಗೆದಿಡಿ.
* ಯಾವ ಬಗೆಯ ತಿದ್ದುಪಡಿ, ಎಷ್ಟು ಹಣ, ಎಷ್ಟು ದಿನ ಅನ್ನೋದು ಕಾಗದದ ಮೇಲಿರಲಿ. ಹಣ ಕಂತಿನಲ್ಲಿ ಕೊಡಿ.
* ಬದಲಾವಣೆಯೆಲ್ಲ ನಿಮ್ಮ ಕಣ್ಣಿಗೆ ಕಾಣುವಂತಿರಲಿ. ಕಾಗದದಲ್ಲಾದರೆ ಪೆನ್ಸಿಲ್ಲಿನಲ್ಲಿ, ಕಂಪ್ಯೂಟರಿನಲ್ಲಾದರೆ ಹಳೆಯದು ಅಳಿಸದ ಹಾಗೆ.
* ಅರ್ಥ ಬಿಡಿಸದೆ ಉಳಿಸಬೇಕಾದ ನಿಮ್ಮೂರ ಪದಗಳ ಪಟ್ಟಿಯೊಂದನ್ನು ಮೊದಲೇ ಬರೆದುಕೊಡಿ.
* ಟೀಕೆ ಬಂದ ದಿನವೇ ಉತ್ತರ ಬರೆಯಬೇಡಿ. ನಾಲ್ಕು ದಿನ ಬಿಟ್ಟು ಮತ್ತೆ ಓದಿ. ಸಿಟ್ಟು ಇಳಿದ ಮೇಲೂ ತಪ್ಪೆನಿಸಿದ ಸಲಹೆಗೆ ಮಾತ್ರ ‘ಬೇಡ’ ಅನ್ನಿ.

ಎಡಿಟರ್ ಸಿಗಲಿಲ್ಲ, ದುಡ್ಡು ಹೊಂದಲಿಲ್ಲ ಅಂತ ಕೈ ಚೆಲ್ಲಿ ಕೂರಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಬರೆಯುವ ಇನ್ನೂ ಮೂರು ಹೆಂಗಸರನ್ನು ಹುಡುಕಿ. ತಿಂಗಳಿಗೊಮ್ಮೆ ಒಬ್ಬರ ಮನೆ ಜಗಲಿಯಲ್ಲಿ ಸೇರಿ, ಒಬ್ಬರದನ್ನು ಒಬ್ಬರು ಓದಿ. ಹೊಗಳೋದು ಹತ್ತು ನಿಮಿಷ, ಪ್ರಶ್ನೆ ಕೇಳೋದು ಒಂದು ಗಂಟೆ ಅಂತ ನಿಯಮ ಮಾಡಿಕೊಳ್ಳಿ. ಟ್ರಂಕಿನಿಂದ ನೋಟ್‌ಬುಕ್ ಹೊರಬರಲಿ, ಮಿಕ್ಕಿದ್ದು ಆಮೇಲೆ.